ಹೆಳವನ ಹಾಡಿಗೆ ಬಂದ ನೀಲಮ್ಮ

ನಮ್ಮ ವಂಶಾವಳಿ ಹಾಡಲು ಜಹೀರಾಬಾದಿಗೆ ಬರುತ್ತಿದ್ದ ಹೆಳವ ಎತ್ತು ಬಿಟ್ಟು ಮೋಪೆಡ್ ಹಿಡಿದಿದ್ದ. ಎತ್ತಿನ ಗಂಟೆಯನ್ನು ಮಾತ್ರ ಹ್ಯಾಂಡಲಿಗೆ ಕಟ್ಟಿಕೊಂಡಿದ್ದ. ಅಂಗಳದಲ್ಲಿ ನಿಂತು, ಒಂದು ಕಿವಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿದನೆಂದರೆ ನಾನು ಓದಿದ ಕಾನ್ವೆಂಟಿನ ಮದರ್ ಸುಪೀರಿಯರ್ ಪ್ರೇಯರಿಗೆ ನಿಂತ ಹಾಗೆ. ಅಂಥ ಡಿಗ್ನಿಟಿ ಈಗ ಎಲ್ಲಿ ನೋಡಲಿ! ಯಾರಾದರೂ ನಡುವೆ ಬಾಯಿ ಹಾಕಿದರೆ, "ಸುಳ್ಳು ಹಾಡೋ ನಾಲಿಗಿ ಅಲ್ರಿ ಇದು, ಸುಮ್ಕ ಕೇಳ್ರಿ" ಎನ್ನುತ್ತಿದ್ದ.

ನಿಜಾಮರ ಸೀಮೆಗೂ ಇಂಗ್ಲಿಷರ ಸೀಮೆಗೂ ನಡುವೆ ಗಡಿಕಲ್ಲು ನೆಟ್ಟ ಕಾಲದಲ್ಲಿ, ನಮ್ಮ ಮುತ್ತಜ್ಜನ ಅಪ್ಪ ಸೊಲ್ಲಾಪುರದ ಕಡೆಯಿಂದ ಕುರಿಹಿಂಡಿನೊಂದಿಗೆ ಗಡಿ ದಾಟಿ ಬಂದನೆಂದು ಅವನ ಹಾಡು. ನನಗೋ ಕೋರ್ಟಿನಿಂದ ಹಳೆಯ ವ್ಯಾಜ್ಯದ ಸರ್ಟಿಫೈಡ್ ಕಾಪಿ ಸಿಕ್ಕಿತ್ತು. ಅದರ ಪ್ರಕಾರ ಆತ ಗಡಿಯ ಆಚೆಯೇ ತೀರಿಕೊಂಡಿದ್ದ. ಕುರಿ ಹೊಡೆದುಕೊಂಡು ಬಂದವಳು, ಗಡಿಯ ಈಚೆ ಕಲ್ಹೇರಿನ ಹೊಲಕ್ಕಾಗಿ ದಾವೆ ಹೂಡಿ ಗೆದ್ದವಳು, ಅವನ ಹೆಂಡತಿ ನೀಲಮ್ಮ. ನನ್ನ ಕಾಪಿಯನ್ನು ಮನೆಯಲ್ಲಿ ಯಾರೂ ಓದಲಿಲ್ಲ. ಹೆಳವ ಹಾಡಿದರಷ್ಟೇ ಅವಳು ನಮ್ಮವಳಾಗುತ್ತಿದ್ದಳು. ಆ ಸಲ ಬಂದಾಗ ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿ ಹೇಳಿದೆ.

"ಹೆಣ್ಮಕ್ಕಳ ಹೆಸರು ನಮ್ಮ ಹಾಡಿನಾಗ ಬರಂಗಿಲ್ರಿ, ಅಕ್ಕೋರ."

"ಹಂಗಾದ್ರ ಸತ್ತವ ಕುರಿ ಹೊಡಕೊಂಡು ಬಂದಾನೇನ್ರಿ?"

ಅವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರನಾಗಿ ಮತ್ತೊಮ್ಮೆ ಓದಿಸಿಕೊಂಡ. ಪ್ರಾಮಿಸ್ ಏನೂ ಮಾಡದೆ ಎದುರಿಗಿದ್ದ ನನ್ನ ತಮ್ಮನ ಮನೆಗೆ ಹೋದ.

ಸ್ವಲ್ಪ ಹೊತ್ತಿಗೆ ಅಲ್ಲಿ ಹಾಡು ನಿಂತು ತಮ್ಮನ ದನಿ ಕೇಳಿತು: "ಯಾವಾಕಿಪಾ ಈ ನೀಲಮ್ಮ? ನಮ್ಮ ವಂಶದಾಗ ಎಲ್ಲಿಂದ ಹೊಕ್ಕಳು?"

"ಆಕಿನೇ ನಿಮ್ಮನ್ನ ಇಲ್ಲಿಗಿ ತಂದಾಕಿರಿ, ಸಾವ್ಕಾರ್ರ. ಎದ್ದು ನಿಂತು ಕೇಳ್ರಿ."