ಮೊರದ ಜೋಳಕ್ಕೆ ಕೊಂಡ ಅಕ್ಕ

ನಮ್ಮ ಚಿಕ್ಕಮ್ಮನಿಗೆ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲ. ಅದಕ್ಕೇ ಸಾಯಬಮ್ಮ ಹುಟ್ಟಿದಾಗ ಅವಳನ್ನು ಮೊರದಲ್ಲಿ ಮಲಗಿಸಿ ನೆರೆಮನೆಯ ಬಾಷುಮಿಯಾನ ತಾಯಿಗೆ ಕೊಟ್ಟರು. ಆಮೇಲೆ ಒಂದು ಮೊರ ಜೋಳ ಕೊಟ್ಟು ಕೊಂಡು ತಂದರು. ಇದು ಈ ಮನೆಯ ಕೂಸಲ್ಲ ಎಂದು ಸಾವು ತಿಳಿಯಲಿ ಅಂತ ಮಾಡುವ ಪದ್ಧತಿ. ನಾನಾಗ ಲಂಗದ ಹುಡುಗಿ. ಜೋಳ ಹೊತ್ತವಳೇ ನಾನು.

ಕೂಸು ಉಳಿಯಿತು. ಅದರ ಬೆನ್ನಿಗೆ ಖಂಡಪ್ಪ, ದೇವಿಂದ್ರ ಹುಟ್ಟಿದರು. ತಮ್ಮಂದಿರಿಬ್ಬರದೂ ಒಂದೇ ಮುಖ, ಅಕ್ಕನದು ಬೇರೆ. “ನೀ ಜ್ವಾಳಕ್ಕ ಬಂದಾಕಿ” ಎಂದು ರೇಗಿಸಿ ರೇಗಿಸಿ, ಚಿಕ್ಕಮ್ಮ ತೀರಿಕೊಂಡ ಮೇಲೆ ಅದೇ ನಿಜವೆಂದು ಮೂವರ ತಲೆಯಲ್ಲೂ ಕೂತುಬಿಟ್ಟಿತು.

ಹೋದ ವರ್ಷ ರಂಗಂಪೇಟೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ದೇವಿಂದ್ರ ಅಲ್ಲೇ ಕುಸಿದುಬಿದ್ದ. ಎಲುಬಿನೊಳಗೆ ರಕ್ತ ಹುಟ್ಟುವುದೇ ನಿಂತಿದೆ, ಬೇರೆಯವರ ಮಜ್ಜೆ ಹಾಕದಿದ್ದರೆ ಉಳಿಯುವುದು ಕಷ್ಟ ಎಂದರು ಹೈದರಾಬಾದಿನ ಆಸ್ಪತ್ರೆಯಲ್ಲಿ. ಖಂಡಪ್ಪ ತೋಳು ಚಾಚಿದ. ಮುಖ ಹೊಂದಿತ್ತು, ರಕ್ತದ ಗುಂಪೂ ಹೊಂದಿತ್ತು; ಬೇಕಾದದ್ದು ಹೊಂದಲಿಲ್ಲ.

ಡಾಕ್ಟರಮ್ಮ ಫರ್ಹತ ನಮ್ಮ ಶಹಾಪುರದ ಕಡೆಯವರೇ. ಬಿಡಿಸಿ ಹೇಳಿದರು: “ಮೈಯಾಗಿನ ಕಣಕಣಕ್ಕೂ ಗುರ್ತ ಇರ್ತಾವ್ರಿ, ಅರ್ಧ ತಾಯಿವು, ಅರ್ಧ ತಂದಿವು. ಮೈ ಕಾಯೋ ಪಹರೇದವ್ರು ಅವನ್ನ ನೋಡೇ ನಮ್ಮವ್ರು, ಪರರು ಅಂತಾರ. ಆ ಪಹರೇದವ್ರು ಹುಟ್ಟೋದು ಮಜ್ಜೆದಾಗ. ಗುರ್ತ ಹೊಂದಲಿಲ್ಲಂದ್ರ ಹೊಸಬ್ರು ಬಂದು ಮನಿಯವ್ರನ್ನೇ ಬಡೀತಾರ. ಒಡಹುಟ್ಟಿದವ್ರು ಇನ್ಯಾರರ ಅದಾರೇನ್ರಿ?”

“ಅಕ್ಕ ಅದಾಳ್ರಿ. ಆದ್ರ ಆಕಿ ಕೊಂಡು ತಂದಾಕಿ” ಅಂದ ಖಂಡಪ್ಪ.

ಪಕ್ಕದಲ್ಲಿದ್ದ ನನಗೆ ಸಿಟ್ಟು ನೆತ್ತಿಗೇರಿತು. “ಲೇ ಹುಚ್ಚಪ್ಪ, ನಿಮ್ಮವ್ವ ಆಕಿನ್ನ ಹಡೆಯೋ ಮುಂದ ನಾ ಬಾಗಿಲದಾಗ ಕುಂತಿದ್ದೆ. ಸಾವು ಹಾದಿ ತಪ್ಪಲಂತ ಆಡಿದ ಆಟ ಅದು. ಡಾಕ್ಟರಿಗೆ ಹೇಳೋ ಮಾತೇನೋ?”

ಡಾಕ್ಟರಮ್ಮ ನಗು ನುಂಗಿಕೊಂಡರು.

ಕಕ್ಕೇರಾದಲ್ಲಿ ಹತ್ತಿ ಬಿಡಿಸುತ್ತಿದ್ದ ಸಾಯಬಮ್ಮನನ್ನು ಕರೆಸಿದೆವು. ಸೂಜಿಗೆ ಅಂಜಲಿಲ್ಲ, ನನ್ನ ಕಿವಿಯಲ್ಲಿ ಮಾತ್ರ “ಯಕ್ಕಾ, ಹೊಂದಲಿಲ್ಲಂದ್ರ ನಾ ಪರರಾಕಿನೇ ಆದ್ನಲ್ಲ” ಅಂದಳು.

ಅದು ಡಾಕ್ಟರಮ್ಮನಿಗೂ ಕೇಳಿಸಿತು. “ಹಂಗಲ್ರಿ. ಒಡಹುಟ್ಟಿದ ನಾಕು ಮಂದ್ಯಾಗ ಒಬ್ರಿಗೆ ಹೊಂದಿದ್ರ ಹೆಚ್ಚು. ಹೊಂದದಿದ್ರೂ ನೀವು ಅಕ್ಕನೇ.”

ಹೊಂದಿತು. ರಕ್ತದ ಗುಂಪು ಬೇರೆ, ಆದರೆ ಅದು ನಡೆಯುತ್ತದಂತೆ.

“ಪೂರಾ ಹೊಂದ್ಯಾವೇನ್ರಿ?” ಎಂದು ಸಾಯಬಮ್ಮ ಮತ್ತೆ ಮತ್ತೆ ಕೇಳಿದಳು. ಪೂರಾ ಎಂದ ಮೇಲೆ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಕ್ಕನ ಮಜ್ಜೆ ಹಾಕಿಸಿಕೊಂಡ ದೇವಿಂದ್ರ ಈಗ ಹುಷಾರಾಗಿದ್ದಾನೆ. ರಕ್ತ ಹುಟ್ಟುವುದು ಆ ಮಜ್ಜೆಯಲ್ಲೇ ಆದ್ದರಿಂದ ಅವನ ರಕ್ತದ ಗುಂಪೂ ಬದಲಾಗಿ ಅಕ್ಕನದೇ ಆಗಿದೆ. ಮೊನ್ನೆ ಅವಳು ಬಂದು ಊಟಕ್ಕೆ ಬಡಿಸುತ್ತಿದ್ದಳು.

“ಸಾಕ ಬಿಡಬೇ, ಅಕ್ಕಾ.”

“ಸಾಕು ಅನ್ನಾಕ ನೀ ಯಾರೋ? ಆ ರಕ್ತ ನಂದು. ಉಣ್ಣು.”

ಅವನು ನಗುತ್ತ ತಟ್ಟೆ ಮುಂದಕ್ಕೆ ಚಾಚಿದ.