ಒಂದೇ ಫ್ಲಾಪಿಯಲ್ಲಿ ಓಡಿದ ಬಸ್ಸು

ನಮ್ಮ ಡ್ರಾಯಿಂಗ್ ಮಾಸ್ತರರ ಬಲಗೈ ತೋರುಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನು ಪ್ರತಿ ಶುಕ್ರವಾರ ಬೆಳಿಗ್ಗೆ ಕತ್ತರಿಸಿಕೊಂಡು ಬರುತ್ತಿದ್ದರು, ಅದೊಂದನ್ನು ಬಿಡುತ್ತಿದ್ದರು. ಆ ಉಗುರಿನಿಂದ ಕಂಪ್ಯೂಟರಿನ ಗಾಜಿನ ಮೇಲೆ ಟಕ್, ಟಕ್ ಎಂದು ಬಡಿಯುತ್ತ, ನಾವು ಬರೆದ ಚಿತ್ರದ ಗೆರೆಯ ಮೇಲಿರುವ ಬಿಂದುಗಳನ್ನು ಎಣಿಸುತ್ತಿದ್ದರು. ಬಿಂದು ಎಂದು ಅವರು ಎಂದೂ ಅಂದವರಲ್ಲ, ಗಂಟು ಎನ್ನುತ್ತಿದ್ದರು. ನಾನು ಮೊದಲ ವಾರ ಬರೆದ ಎಮ್ಮೆಯ ಬೆನ್ನಿನ ಮೇಲೆ ಆ ಟಕ್ ಟಕ್ ನಲವತ್ತು ದಾಟಿದಾಗ ನನ್ನ ಕಡೆ ತಿರುಗಿ ಕೇಳಿದ್ದರು:

"ತಂಗಿ, ಇದು ಎಮ್ಮಿನೋ, ಮುಳ್ಳಹಂದಿನೋ?"

ಹೋದ ತಿಂಗಳು ಅವರು ತೀರಿಕೊಂಡರು. ಕುಷ್ಟಗಿ ತಾಲೂಕಿನಲ್ಲಿ ಅವರು ಕೊನೆಗೆ ಕೆಲಸ ಮಾಡಿದ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ನಿವೃತ್ತ ಅಧಿಕಾರಿಯೊಬ್ಬರು ಮೈಕ್ ಹಿಡಿದು, "ಆ ಒಂದು ಅಶಿಸ್ತಿನ ಪ್ರಸಂಗ ಬಿಟ್ಟರ, ನಮ್ಮ ಡ್ರಾಯಿಂಗ್ ಮಾಸ್ತರು ಭಾಳ ಛಲೋ ಮನುಷ್ಯಾರು" ಎಂದರು. ಸಭೆ ತಲೆಯಾಡಿಸಿತು. ಮೂರನೆಯ ಸಾಲಿನಲ್ಲಿ ಕೂತಿದ್ದ ನಾನೂ ಆಡಿಸಿದೆನೋ ಏನೋ. ಆ ಒಂದು ಮಾತು ಮನೆಗೆ ಬಂದರೂ ಬಿಡಲಿಲ್ಲ. ಅಶಿಸ್ತಂತೆ! ಸತ್ತ ಮನುಷ್ಯನ ಹೆಸರಿನ ಮುಂದೆ ಎರಡು ದಶಕದ ಹಿಂದಿನ ಸುಳ್ಳೊಂದನ್ನು ಹಾರ ಹಾಕಿದ ಹಾಗೆ ಹಾಕಿ ಇಳಿದು ಹೋದರು.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಬಂದಾಗ ನೆನಪು ನನಗೆ ಅನುಕೂಲವಾದದ್ದನ್ನೇ ಹೇಳುತ್ತದೆ ಎಂಬುದು ಅನುಭವದ ಮಾತು. ಅದಕ್ಕೆ ಆಗಿನ ಡೈರಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ.

ಎರಡು ಸಾವಿರದ ಆಚೆಯ ಮೊದಲ ವರ್ಷಗಳು. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿದ ನನಗೆ ಕೊಪ್ಪಳದಲ್ಲಿ ಒಂದು ಯೋಜನೆಯ ಕಚೇರಿಯಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತ್ತು. ಹಳ್ಳಿ ಶಾಲೆಗಳ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕಲಿಯುವ ಆಟಗಳನ್ನು ಮಾಡಿಕೊಡುವುದು ನಮ್ಮ ಕೆಲಸ. ಶಾಲೆಗೊಂದರಂತೆ ಬಂದಿದ್ದ ಕಂಪ್ಯೂಟರುಗಳು ಯಾವ ಯಾವುದೋ ಕಚೇರಿಗಳಲ್ಲಿ ದುಡಿದು ದಣಿದವು. ಸಿಡಿ ಹಾಕಲು ಜಾಗವಿಲ್ಲ, ಇಂಟರ್ನೆಟ್ಟಿನ ಮಾತೇ ಇಲ್ಲ, ಫ್ಲಾಪಿ ಹಾಕುವ ಸಂದೊಂದಿತ್ತು. ಆಟಗಳನ್ನು ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡುತ್ತಿದ್ದೆವು. ಅದು ಚಿತ್ರವನ್ನು ಗೆರೆಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ಗೆರೆಯಲ್ಲಿ ಗಂಟು ಹೆಚ್ಚಾದಷ್ಟೂ ಫೈಲು ಊದುತ್ತದೆ, ಯಂತ್ರ ಏದುಸಿರು ಬಿಡುತ್ತದೆ. ಆಟವೂ ಅದನ್ನು ಓಡಿಸುವ ಪ್ಲೇಯರೂ ಸೇರಿ ಒಂದೇ ಫ್ಲಾಪಿಯಲ್ಲಿ ಹಿಡಿಸಬೇಕು ಎಂಬುದು ಮಾಸ್ತರರು ತಾವೇ ಹಾಕಿಕೊಂಡ ಕಟ್ಟಳೆ. "ಎರಡು ಫ್ಲಾಪಿ ಕೊಟ್ರ ಒಂದು ಕಳೀತಾರ" ಎನ್ನುತ್ತಿದ್ದರು.

ಅವರು ಶಾಲೆಯಿಂದ ನಿಯೋಜನೆಯ ಮೇಲೆ ಬಂದಿದ್ದ ಚಿತ್ರಕಲಾ ಶಿಕ್ಷಕರು, ಕೊಪ್ಪಳದ ಪಕ್ಕದ ಭಾಗ್ಯನಗರದವರು. ನೌಕರಿಗೆ ಸೇರುವ ಮೊದಲು ಅಲ್ಲಿನ ಮಗ್ಗಗಳಿಗೆ ಸೀರೆ ಅಂಚಿನ ನಮೂನೆಗಳನ್ನು ಚೌಕಳಿ ಕಾಗದದ ಮೇಲೆ ತೆಗೆದುಕೊಡುತ್ತಿದ್ದರಂತೆ. ಗಂಟು ಎಂಬ ಮಾತು ಅಲ್ಲಿಂದ ಬಂದದ್ದೇ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅವರೇ ಹಾಗೆ ಹೇಳಿದ್ದರೋ, ನಾನೇ ಕಟ್ಟಿದ್ದೋ, ಡೈರಿಯಲ್ಲಿ ಇಲ್ಲ.

ಬಸ್ಸಿನ ಕಥೆ ಮಾತ್ರ ಡೈರಿಯಲ್ಲಿದೆ. ಅವರು ಮೊದಲು ಓದಿದ್ದು ಉರ್ದು ಶಾಲೆಯಲ್ಲಿ. ಹನ್ನೆರಡು ವರ್ಷದವರಿದ್ದಾಗ ಕುಷ್ಟಗಿಯಲ್ಲಿದ್ದ ಅಕ್ಕನ ಮನೆಗೆ ಒಬ್ಬರೇ ಹೊರಟು, ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕನ್ನಡದ ಬೋರ್ಡು ಓದಲಾಗದೆ, ಕೇಳಲು ನಾಚಿ, ಕಾಲುವೆ ನೀರಿನ ಸೀಮೆಯಾದ ಗಂಗಾವತಿಯ ಬಸ್ಸು ಹತ್ತಿದ್ದರು. "ಇಳದ ಮ್ಯಾಲೂ ಗೊತ್ತಾಗಲಿಲ್ಲ ನೋಡು ತಂಗಿ. ಕುಷ್ಟಗ್ಯಾಗ ಇಷ್ಟ್ಯಾಕ ನೀರು ಹರದಾವು ಅಂತ ನೋಡ್ಕೋಂತ ನಿಂತಿದ್ದೆ." ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿ, "ಐದನೇತ್ತಿಗೆ ಬಂದೂ ಬೋರ್ಡು ಓದಾಕ ಬರಲಾರದ ಹುಡುಗೂರು ಇನ್ನೂ ಅದಾವ. ಅವಕ್ಕೊಂದು ಬಸ್ಸು ಮಾಡೂಣು" ಎಂದರು.

ಆಟ ಇಷ್ಟೇ. ಬೋರ್ಡಿಲ್ಲದ ಬಸ್ಸೊಂದು ಬಂದು ನಿಲ್ಲುತ್ತದೆ. ಕಂಡಕ್ಟರ್ ಊರಿನ ಹೆಸರು ಕೂಗುತ್ತಾನೆ. ಕೆಳಗೆ ಚದುರಿ ಬಿದ್ದ ಅಕ್ಷರಗಳನ್ನು ಎಳೆದು ತಂದು ಬೋರ್ಡು ಕಟ್ಟಬೇಕು. ಸರಿಯಾದರೆ ಬಸ್ಸು ಹೊರಡುತ್ತದೆ.

ಕೋಡ್ ಬರೆದವಳು ನಾನು, ಅದಕ್ಕೆ ಜೀವ ಬಂದದ್ದು ಅವರಿಂದ. ಕನ್ನಡದ ಫಾಂಟನ್ನು ಒಳಗೆ ಸೇರಿಸಿದರೆ ಫೈಲು ದಪ್ಪವಾಗುತ್ತಿತ್ತು, ಹೊರಗಿಟ್ಟರೆ ಶಾಲೆಯ ಯಂತ್ರದಲ್ಲಿ ಅಕ್ಷರದ ಬದಲು ಖಾಲಿ ಚೌಕ ಬರುತ್ತಿತ್ತು. ಮಾಸ್ತರರು ಹದಿನೈದು ದಿನ ಕೂತು ಅಷ್ಟೂ ಅಕ್ಷರಗಳನ್ನು ಕಡಿಮೆ ಗಂಟುಗಳಲ್ಲಿ ಕೈಯಾರೆ ಬರೆದರು. ತಲಕಟ್ಟನ್ನು ಮಾತ್ರ ಒಂದೇ ಸಲ ಬರೆದು ಬೇರೆ ಇಟ್ಟರು. ಯಾವ ಅಕ್ಷರ ಬಂದರೂ ಅದೇ ತಲಕಟ್ಟು ಹೋಗಿ ಅದರ ನೆತ್ತಿಯ ಮೇಲೆ ಕೂರುತ್ತಿತ್ತು. "ಎಲ್ಲಾರಿಗೂ ಒಂದ ಟೊಪಿಗಿ ಸಾಕು" ಎಂದರು.

ಬಸ್ಸಿನ ಹಿಂದೆ ನಾನು ಹೊಗೆಯಂಥ ಪಾರದರ್ಶಕ ಧೂಳು ಎಬ್ಬಿಸಿದ್ದೆ. ಅದರ ಆಚೆಯದೂ ಕಾಣಬೇಕಾದ್ದರಿಂದ ಯಂತ್ರಕ್ಕೆ ಎರಡು ಪಟ್ಟು ಕೆಲಸ. ಅವರು ಅದನ್ನು ಅಳಿಸಿ ಎರೆಮಣ್ಣಿನ ಬಣ್ಣದ ಮೂರು ಉಂಡೆ ಇಟ್ಟರು. ನೋಡಿದವರೆಲ್ಲ ಧೂಳೆಂದೇ ಅಂದರು. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಓಡಿಸುತ್ತಿದ್ದೆ, ಹನ್ನೆರಡಕ್ಕೆ ಇಳಿಸಿದರು. "ನಮ್ಮ ರಸ್ತೆದಾಗ ಇದಕ್ಕಿಂತ ಜೋರು ಯಾವ ಬಸ್ಸು ಹೋಗತೈತಿ ಹೇಳು?"

ಆದರೂ ಏಳೆಂಟು ಬಸ್ಸು ಹೋಗುವಷ್ಟರಲ್ಲಿ ಆಟ ಕುಂಟುತ್ತಿತ್ತು. ಎರಡು ದಿನ ಕೋಡ್ ಜಾಲಾಡಿದೆ, ತಪ್ಪು ಸಿಗಲಿಲ್ಲ. ಕೋಡ್‌ನ ಒಂದಕ್ಷರವೂ ಬಾರದ ಮಾಸ್ತರರು ಪರದೆಯ ಬಲ ಅಂಚಿಗೆ ಉಗುರು ಹಚ್ಚಿ ಕೇಳಿದರು:

"ಇಲ್ಲಿಂದ ಆಚೆ ಹೋದ ಬಸ್ಸು ಏನಾಗತೈತಿ?"

"ಏನಿಲ್ರಿ ಸರ್, ಕಾಣೂದಿಲ್ಲ."

"ಕಾಣೂದಿಲ್ಲ ಸರಿ. ಓಡೂದು ನಿಂತೈತೇನು?"

ನಿಂತಿರಲಿಲ್ಲ. ಕಣ್ಣಿಗೆ ಕಾಣದ ಕಡೆ ಎಲ್ಲ ಬಸ್ಸುಗಳೂ ಓಡುತ್ತಲೇ ಇದ್ದವು, ಯಂತ್ರ ಅವನ್ನೆಲ್ಲ ಎಳೆಯುತ್ತಲೇ ಇತ್ತು. "ಊರು ದಾಟಿದ ಬಸ್ಸನ್ನ ತಗದ ಹಾಕಬೇಕು ತಂಗಿ. ಇಲ್ಲಂದ್ರ ಇದ್ದ ಬಸ್ಸಿಗೆ ದಾರಿ ಸಿಗೂದಿಲ್ಲ." ಒಂದು ಸಾಲು ಸೇರಿಸಿದೆ. ಆಟ ಹಗುರಾಯಿತು.

ಯಲಬುರ್ಗಾದ ಒಂದು ಶಾಲೆಯಲ್ಲಿ ಅದನ್ನು ಮೊದಲು ಹಚ್ಚಿದೆವು. ಬೋರ್ಡು ಓದಲು ಬಾರದ ಒಬ್ಬ ಹುಡುಗಿ ಮೂರನೆಯ ದಿನಕ್ಕೆ ಕನಕಗಿರಿ ಕಟ್ಟಿ ಬಸ್ಸು ಬಿಟ್ಟಳು. ಆ ದಿನದ ಡೈರಿಯಲ್ಲಿ ಒಂದೇ ಮಾತಿದೆ: "ಮಾಸ್ತರು ಕಿಟಕಿ ಕಡೆ ತಿರುಗಿ ನಿಂತರು."

ಇದಿಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು? ಆದರೆ ಆಟಕ್ಕೆ ಉದ್ಘಾಟನೆ ಆಗಬೇಕಿತ್ತು. ನಮ್ಮ ಸಾಹೇಬರು, ಯೋಜನೆಯ ಮುಖ್ಯಸ್ಥರು, ಆಟ ನೋಡಿ ಹುಬ್ಬು ಗಂಟಿಕ್ಕಿದರು.

"ಅಲ್ಲರೀ ಮೇಡಂ, ಸ್ವಾಗತ ಎಲ್ಲೈತಿ? ಸೀದಾ ಬಸ್ಸ ಬಂದ ಬಿಡತೈತಲ್ಲ!"

"ಇದು ಕಾರ್ಯಕ್ರಮ ಅಲ್ಲರಿ ಸಾಹೇಬ್ರ, ಆಟ" ಎಂದರು ಮಾಸ್ತರರು. "ಹುಡುಗೂರು ಆಡೂದು."

"ಆಡ್ಲಿ, ಯಾರು ಬ್ಯಾಡ ಅಂದ್ರು? ಸ್ವಾಗತ ಮುಗದ ಮ್ಯಾಲ ಆಡ್ಲಿ."

"ಫೋಟೋದ ಭಾರ ಆ ಯಂತ್ರ ಎತ್ತೂದಿಲ್ರಿ."

"ಫೋಟೋ ಎಂಥಾ ಭಾರ ಇರತೈತ್ರೀ ಮಾಸ್ತರ? ಒಂದ ಕಾಗದ!"

ಹೀಗೆ ಮಕ್ಕಳ ಆಟದೊಳಗೆ ಸ್ವಾಗತ ಸಮಾರಂಭ ಹೊಕ್ಕಿತು. ಮೊದಲು ಕಿರಣ ಬೀರುತ್ತ ತಿರುಗುವ ದೀಪ. ಹಿಂದೆ ಸ್ವಾಗತಗೀತೆ, ಪೂರ್ತಿ ಮೂರು ಚರಣ. ಆಮೇಲೆ ಏಳು ಗಣ್ಯರ ಫೋಟೋ, ಒಬ್ಬೊಬ್ಬರೂ ಮಂಜಿನಿಂದ ಮೂಡಿ ಬರಬೇಕು, ಮೇಲೆ ಹೂವಿನ ಎಸಳು ಉದುರಬೇಕು. ಯಾರ ನಂತರ ಯಾರು ಎಂಬುದು ಮೂರು ಸಲ ಬದಲಾಯಿತು. ಇದನ್ನು ದಾಟಿ ಆಟಕ್ಕೆ ಹೋಗಲು ಒಂದು ಬಟನ್ ಇಡುತ್ತೇನೆಂದರೆ, "ಗಣ್ಯರನ್ನ ದಾಟಿ ಹೋಗೂದಂದ್ರ ಏನರ್ಥ?" ಎಂದು ಸಾಹೇಬರು ಗದರಿದರು. ನಾನು ಬಲವಾಗಿ ವಿರೋಧಿಸಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಡೈರಿಯಲ್ಲಿ ಇರುವುದು ಇಷ್ಟು: "ಫೋಟೋ ಹಾಕಿದೆ. ಫೈಲು ಒಂಬತ್ತು ಎಂಬಿ. ದೀಪ ಚೆನ್ನಾಗಿ ಬಂದಿದೆ."

ಚೆನ್ನಾಗಿ ಬಂದಿದೆ! ಓದಿ ನನಗೆ ಮೈ ಉರಿಯಿತು.

ಒಂಬತ್ತು ಎಂಬಿ ಫ್ಲಾಪಿಗೆ ಹಿಡಿಸುವುದಿಲ್ಲ. ಯಲಬುರ್ಗಾದ ಯಂತ್ರದ ಹಾರ್ಡ್ ಡಿಸ್ಕ್ ಬಿಚ್ಚಿ ಬಸ್ಸಿನಲ್ಲಿ ಕೊಪ್ಪಳಕ್ಕೆ ತಂದು ತುಂಬಿಸಿ, ಮತ್ತೆ ಒಯ್ದು ಜೋಡಿಸಿದರು. ಕಚೇರಿಯ ಹೊಸ ಕಂಪ್ಯೂಟರಿನಲ್ಲಿ ನೋಡಿದ ಸಾಹೇಬರಿಗೆ ಎಲ್ಲವೂ ಸೊಗಸಾಗಿ ಕಂಡಿತ್ತು. ಶಾಲೆಯ ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡೋಣ ಎಂದು ಮಾಸ್ತರರು ಬೇಡಿಕೊಂಡದ್ದು ಯಾರ ಕಿವಿಗೂ ಬೀಳಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಅವರು ನನ್ನ ಮೇಜಿಗೆ ಬಂದು, "ಹಳೇ ಬಸ್ಸಿಂದೂ ಒಂದು ಫ್ಲಾಪಿ ತುಂಬಿ ಕೊಡು ತಂಗಿ. ನನಗ್ಯಾಕೋ ಸಮಾಧಾನಿಲ್ಲ" ಎಂದರು. ತುಂಬಿ ಕೊಟ್ಟೆ. ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಮರುದಿನ ಯಲಬುರ್ಗಾದ ಶಾಲೆಯಲ್ಲಿ ಗಣ್ಯರೆಲ್ಲ ಕುರ್ಚಿಗಳಲ್ಲಿ ಕೂತಿದ್ದರು, ಮಕ್ಕಳು ನೆಲದ ಮೇಲೆ. ಕನಕಗಿರಿ ಕಟ್ಟಿದ್ದ ಹುಡುಗಿಯನ್ನು ಯಂತ್ರದ ಮುಂದೆ ಕೂರಿಸಿದ್ದರು. ದೀಪ ಅರ್ಧ ಸುತ್ತು ತಿರುಗಿ ನಿಂತಿತು. ಹಾಡು ಒಂದೇ ಅಕ್ಷರವನ್ನು ತಡವರಿಸತೊಡಗಿತು. ಇಬ್ಬರು ಗಣ್ಯರು ಹೇಗೋ ಮೂಡಿ ಮರೆಯಾದರು. ಮೂರನೆಯವರು ಅರ್ಧ ಮೂಡಿ ದೆವ್ವದ ಹಾಗೆ ನಿಂತುಬಿಟ್ಟರು. ಅವರು ನಿಜವಾಗಿಯೂ ಮೊದಲ ಸಾಲಿನಲ್ಲಿ ಕೂತಿದ್ದರು. ಹತ್ತು ನಿಮಿಷವಾಯಿತು. ಹುಡುಗಿ ಮೌಸ್ ಬಿಟ್ಟು ಹಿಂದೆ ತಿರುಗಿದಳು.

"ಸರ್ರ, ಹಿಂದಿಂದು ಹಚ್ರಿ. ಇದರಾಗ ಬರೇ ಮಂದಿ ಅದಾರ, ಬಸ್ಸ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರು ಎದ್ದರು. ಸಾಹೇಬರು "ಮಾಸ್ತರ, ಕುಂದರ್ರಿ" ಎಂದರು. ಮಾಸ್ತರರು ಯಂತ್ರ ಆರಿಸಿ ಮತ್ತೆ ಹಚ್ಚಿ, ಜೇಬಿನಿಂದ ಫ್ಲಾಪಿ ತೆಗೆದು ಹಾಕಿದರು. ಬಸ್ಸು ಬಂತು. ಕಂಡಕ್ಟರ್ ಯಲಬುರ್ಗಾ ಎಂದು ಕೂಗಿದ. ಹುಡುಗಿ ಅಕ್ಷರಗಳನ್ನು ಒಂದೊಂದೇ ಎಳೆದಳು, ಕೊನೆಯದರ ಮುಂದೆ ಒಂದಿಷ್ಟು ತಡೆದಳು, ಕೂರಿಸಿದಳು. ಮೂರು ಉಂಡೆ ಧೂಳೆಬ್ಬಿಸಿ ಬಸ್ಸು ಹೊರಟಿತು. "ಹೊಂಟ್ತು! ಹೊಂಟ್ತು!" ಎಂದು ಇಡೀ ಶಾಲೆ ಎದ್ದು ನಿಂತಿತು.

ವಾರದೊಳಗೆ ಮೆಮೊ ಬಂತು. ಆಟ ಓಡದ್ದಕ್ಕಲ್ಲ. ಅನುಮತಿಯಿಲ್ಲದ ಪ್ರತಿಯನ್ನು ಓಡಿಸಿ ಗಣ್ಯರ ಭಾವಚಿತ್ರಗಳನ್ನು ಕೈಬಿಟ್ಟು ಅಗೌರವ ತೋರಿದ್ದಕ್ಕೆ! ಆಟವನ್ನು ಕೊಂದವರು ವಿಚಾರಣೆಗೆ ಕೂತರು, ಬದುಕಿಸಿದವರು ಎದುರು ನಿಂತರು. ನನ್ನಿಂದಲೂ ಬರವಣಿಗೆಯಲ್ಲಿ ಹೇಳಿಕೆ ಕೇಳಿದರು: ಎರಡನೆಯ ಪ್ರತಿಯನ್ನು ಯಾರು ತಯಾರಿಸಿದರು? ಅದೇ ತಿಂಗಳು ನನ್ನ ಗುತ್ತಿಗೆ ನವೀಕರಣವಾಗಬೇಕಿತ್ತು. ಡೈರಿಯ ಆ ಪುಟವನ್ನು ಇದ್ದ ಹಾಗೆ ಇಳಿಸುತ್ತೇನೆ: "ಹೇಳಿಕೆ ಕೊಟ್ಟೆ. ಆ ಪ್ರತಿಯ ಬಗ್ಗೆ ನನಗೆ ಮಾಹಿತಿ ಇಲ್ಲ ಅಂತ ಬರೆದೆ. ಬೇರೆ ದಾರಿ ಇರಲಿಲ್ಲ."

ಇತ್ತು. ಮಾಸ್ತರರು ತಮ್ಮ ಹೇಳಿಕೆಯಲ್ಲಿ ನನ್ನ ಹೆಸರು ಎತ್ತಲೇ ಇಲ್ಲ. ಎಲ್ಲವನ್ನೂ ತಾವೇ ಮಾಡಿದ್ದಾಗಿ ಬರೆದರಂತೆ, ಒಂದು ಸಾಲು ಕೋಡ್ ಬಾರದ ಮನುಷ್ಯ. ಅವರ ನಿಯೋಜನೆ ರದ್ದಾಯಿತು, ಕುಷ್ಟಗಿಯ ಆಚೆಗೆ ಹಾಕಿದರು. ಬಸ್ಸಿನ ಆಟ ಮತ್ತಾವ ಶಾಲೆಗೂ ಹೋಗಲಿಲ್ಲ. ಸ್ವಾಗತವಿದ್ದ ಪ್ರತಿ ಓಡುತ್ತಿರಲಿಲ್ಲ, ಓಡುವ ಪ್ರತಿಗೆ ಅನುಮತಿ ಇರಲಿಲ್ಲ.

ಮರುವರ್ಷ ಅವರ ಶಾಲೆಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದು. ಅವರು ಹುಡುಗರಿಂದ ಚಹ ತರಿಸಲಿಲ್ಲ, ತಾವೇ ಸ್ಟೋವ್ ಹಚ್ಚಿದರು. ನಾನು "ಸರ್, ಆ ಹೇಳಿಕಿ..." ಎನ್ನುವಷ್ಟರಲ್ಲಿ ಕೈಯೆತ್ತಿದರು. ಬೆರಳುಗಳತ್ತ ನೋಡಿದೆ. ಹತ್ತೂ ಉಗುರು ಕತ್ತರಿಸಿದ್ದರು.

"ಅದು ಊರು ದಾಟಿದ ಬಸ್ಸು ತಂಗಿ. ತಗದ ಹಾಕು. ಸಕ್ಕರಿ ಎಷ್ಟು?"

ಅವರು ತೆಗೆದುಹಾಕಿದ್ದರು. ನನ್ನಿಂದ ಆಗಲಿಲ್ಲ. ಅದು ಯಾರಿಗೂ ಕಾಣದ ಕಡೆ ಇಷ್ಟು ವರ್ಷ ಓಡುತ್ತಲೇ ಇದೆ, ನಾನು ಎಳೆಯುತ್ತಲೇ ಇದ್ದೇನೆ. ಈಗ ಕೊಪ್ಪಳದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ವಿದ್ಯಾರ್ಥಿಗಳು ತರುವ ಆ್ಯಪ್‌ಗಳನ್ನು ಬೇಕೆಂದೇ ಹಳೆಯ ಫೋನಿನಲ್ಲಿ ಹಾಕಿ ನೋಡುತ್ತೇನೆ, ಇದರಲ್ಲಿ ಯಾವುದು ಬೇಡ ಎಂದು ಕೇಳುತ್ತೇನೆ. ಕಟ್ಟುನಿಟ್ಟಿನ ಮೇಡಂ ಎಂದು ಹೆಸರಾಗಿದೆ. ಯಾರ ಕೈಯಿಂದ ಕಲಿತದ್ದು ಎಂದು ಒಮ್ಮೆಯೂ ಹೇಳಿಲ್ಲ, ಹೇಳಿದರೆ ಪೂರ್ತಿ ಹೇಳಬೇಕಾಗುತ್ತಿತ್ತು. ಫ್ಲ್ಯಾಶ್ ಕೂಡ ಮುಚ್ಚಿ ಹೋಯಿತು, ಆ ಫೈಲನ್ನು ಇಂದಿನ ಯಂತ್ರ ನೇರವಾಗಿ ತೆರೆಯುವುದೂ ಇಲ್ಲ.

ಸಭೆಯಲ್ಲಿ ಅಶಿಸ್ತು ಎಂದ ಅಧಿಕಾರಿ ನಮ್ಮ ಅಂದಿನ ಸಾಹೇಬರಲ್ಲ, ಮಾಸ್ತರರ ಕಡತ ಓದಿದವರು. ಕಡತದಲ್ಲಿ ನನ್ನ ಕೈಬರಹದ ಹೇಳಿಕೆ ಇರುತ್ತದೆ. ಆ ಅಧಿಕಾರಿಯ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ಅವರಿಗೆ ಆ ಮಾತು ಸಿಕ್ಕದ್ದು ನನ್ನಿಂದಲೇ. ಆದ್ದರಿಂದ ಅಂದು ಬರೆಯಬೇಕಿದ್ದನ್ನು ಇಂದು ಬರೆಯುತ್ತೇನೆ.

ಎರಡನೆಯ ಪ್ರತಿಯನ್ನು ತಯಾರಿಸಿದವಳು ನಾನು. ಉದ್ಘಾಟನೆಯ ಹಿಂದಿನ ದಿನ ನನ್ನ ಕೈಯಾರೆ ಫ್ಲಾಪಿಗೆ ತುಂಬಿ ಮಾಸ್ತರರಿಗೆ ಕೊಟ್ಟೆ. ಅದರಲ್ಲಿ ಯಾರ ಫೋಟೋವೂ ಇರಲಿಲ್ಲ. ಬಸ್ಸು ಓಡಿತು.