ದಿಂಬಿನ ಹತ್ತಿ, ತೋಟಾದ ಹೊಟ್ಟೆ

ನಮ್ಮಪ್ಪ ಹತ್ತಿ ಹಿಂಜುವವನು. ಗದಗಿನ ಓಣಿಗಳಲ್ಲಿ ಹೆಗಲ ಮೇಲೆ ಬಿಲ್ಲು ಹೊತ್ತು ತಿರುಗಿ, ಕಂಡವರ ಗಾದಿ ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿಯುತ್ತಿದ್ದ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಹುಬ್ಬಿನ ಹತ್ತಿ ತೆಗೆಯುವ ಕೆಲಸ ನನ್ನದು. ಬೇರೆ ಯಾರಾದರೂ ಕೈ ಹಾಕಿದರೆ ರಂಪ ಮಾಡುತ್ತಿದ್ದೆ.

ನಾನು ಓದಲು ನ್ಯೂಜಿಲೆಂಡಿಗೆ ಹೊರಟಾಗ ಬೂರಲ ಹತ್ತಿಯ ದಿಂಬೊಂದನ್ನು ಹೊಲಿದು ಕೊಟ್ಟ. ಹೊರಗಿನ ಬೀಜವನ್ನು ಈ ದೇಶದೊಳಗೆ ಬಿಡುವುದಿಲ್ಲ, ಇಳಿದ ಏರ್‌ಪೋರ್ಟಿನಲ್ಲಿ ಬೀಜ ಇದೆಯೇನೋ ಎಂದು ಅದನ್ನು ಹಿಸುಕಿ ಹಿಸುಕಿ ನೋಡಿದರು. ಅಪ್ಪನ ದಿಂಬಿನಲ್ಲಿ ಬೀಜವೇ? ನನಗೆ ಸಿಟ್ಟೇ ಬಂದಿತ್ತು.

ಅಪ್ಪ ತೀರಿಕೊಂಡು ಆರು ವರ್ಷ. ದಿಂಬನ್ನು ಆಗಾಗ ಬಿಚ್ಚಿ ಹಿಂಜಬೇಕು, ಇಲ್ಲದಿದ್ದರೆ ಹತ್ತಿ ಗಡ್ಡೆ ಕಟ್ಟುತ್ತದೆ. ನನ್ನದು ಇಟ್ಟಿಗೆಯಾಗಿತ್ತು, ಕತ್ತು ನೋಯುತ್ತಿತ್ತು. ಬಿಚ್ಚೋಣವೆಂದರೆ ಹೊಲಿಗೆ ಅವನ ಕೈಯದು. ಕತ್ತರಿ ಹಿಡಿದು ಕೂತು, ಹಾಗೇ ಎದ್ದದ್ದು ಎಷ್ಟು ಸಲವೋ.

ಓದು ಮುಗಿಸಿ ನಾನು ಇಲ್ಲೇ ಉಳಿದ ಊರು ಪಾಪಕುರಾದಲ್ಲಿ ನಮ್ಮ ಪಕ್ಕದ ಮನೆಯವರು ಕೊಡಗಿನ ಅಂಕಲ್. ನಿವೃತ್ತರು. ಹಳೆಯ ರೈಫಲ್ಲೊಂದಕ್ಕೆ ತಾವೇ ಸೀಸ ಕರಗಿಸಿ ಗುಂಡು ಎರಕ ಹೊಯ್ದು, ಗ್ಯಾರೇಜಿನಲ್ಲಿ ಕೂತು ತೋಟಾ ತುಂಬುತ್ತಾರೆ. ಒಂದು ಭಾನುವಾರ ಏವನ್‌ಡೇಲ್ ಸಂತೆಯಿಂದ ತಂದ ಮೆಂತ್ಯ ಸೊಪ್ಪು ಕೊಡಲು ಹೋದಾಗ ಮುಖ ಸಪ್ಪೆ ಮಾಡಿಕೊಂಡಿದ್ದರು. ಸೀಸದ ಗುಂಡಿಗೆ ಮದ್ದು ಸ್ವಲ್ಪವೇ ಸಾಕಂತೆ. ತೋಟಾದ ಹಿತ್ತಾಳೆ ಕೊಳವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿದು, ಮದ್ದು ಅತ್ತಿತ್ತ ಹೊರಳಿ, ಒಂದೊಂದು ಗುಂಡು ಒಂದೊಂದು ಥರ ಹೋಗುತ್ತದೆ. ಅದಕ್ಕೇ ಮದ್ದಿನ ಮೇಲೆ ಒಂದು ಚಿಟಿಕೆ ಹತ್ತಿ. ಯಾರದೋ ಬ್ಯಾಚ್‌ನಲ್ಲಿ, ಅಂದರೆ ಕಡಲ ದಂಡೆಯ ರಜೆಮನೆಯಲ್ಲಿ, ಬಿದ್ದಿದ್ದ ಹಳೇ ಲೈಫ್ ಜಾಕೆಟ್ ಬಿಚ್ಚಿ ತೆಗೆದಿದ್ದ ಬೂರಲ ಹತ್ತಿ ಮುಗಿದುಹೋಗಿತ್ತು.

“ಪಾಲಿಯೆಸ್ಟರ್ ಹಾಕ್ರಿ ಅಂಕಲ್.”

“ಎಲ್ಲಾರೂ ಅದನ್ನೇ ಹಾಕ್ತಾರೆ. ನಂಗೆ ಇದೇ ಅಭ್ಯಾಸ ಕಣಮ್ಮ.”

“ನನ್ನ ಹತ್ರ ಐತ್ರಿ,” ಎಂದುಬಿಟ್ಟೆ. ಹಿಂಜುವವನ ಮಗಳ ಎದುರು ಹತ್ತಿಯಿಲ್ಲ ಎಂದರೆ ಬಾಯಿ ಸುಮ್ಮನಿರುತ್ತದೆಯೇ? ಮನೆಗೆ ಬಂದು ನನ್ನನ್ನು ನಾನೇ ಬೈದುಕೊಂಡೆ. ಆದರೆ ಮಾತು ಕೊಟ್ಟಾಗಿತ್ತು.

ದಿಂಬಿನ ಒಂದು ಮಗ್ಗುಲು ಮಾತ್ರ ಕತ್ತರಿಸಿದೆ. ದಾರವನ್ನು ಡಬ್ಬಿಯಲ್ಲಿಟ್ಟೆ. ಅಪ್ಪನ ವಾಸನೆ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಧೂಳು ಮತ್ತು ನನ್ನದೇ ತಲೆಯೆಣ್ಣೆ. ಅಳು ಬಂತು. ಅಳುತ್ತಲೇ ಬೆರಳಿನಿಂದ ಹಿಂಜುತ್ತಾ ಹೋದೆ.

ಮರುದಿನ ಹತ್ತಿ ತುಂಬುವ ಕೆಲಸವನ್ನು ಅಂಕಲ್ ನನಗೇ ಬಿಟ್ಟರು. ನಾನು ಕಡ್ಡಿಯಿಂದ ಒತ್ತಿ ಒತ್ತಿ ತುಂಬಿದೆ. ದಿಂಬಿನ ಮೂಲೆಗೆ ಹೆಬ್ಬೆರಳು ಊರಿ ಅಪ್ಪ ಕಲಿಸಿದ್ದೇ ಹಾಗೆ, “ಗಟ್ಟಿ ತುಂಬವ್ವ, ಇಲ್ಲಾಂದ್ರ ಕುಸೀತೈತಿ.” ಅಂಕಲ್ ಒಂದರೊಳಗೆ ಇಣುಕಿದವರು ಅಷ್ಟನ್ನೂ ಕೊಕ್ಕೆ ಹಾಕಿ ಹೊರಗೆಳೆದರು.

“ಗಟ್ಟಿ ಮಾಡಿದ್ರೆ ಬಂದೂಕಿಗೇ ಏಟು. ಮದ್ದಿಂದ ಗುಂಡಿನ ತನಕ ಜಾಗ ತುಂಬಬೇಕು, ಆದ್ರೆ ಒತ್ತಬಾರ್ದು. ಸಡಿಲವಾಗಿರ್ಲಿ.”

ಅಪ್ಪನ ಪಾಠವನ್ನು ಅಪ್ಪನ ಹತ್ತಿಯಲ್ಲೇ ತಿದ್ದಿದ್ದಕ್ಕೆ ಮುಖ ಊದಿಸಿಕೊಂಡು ಕೂತೆ. ಆಮೇಲೆ ಒಂದೊಂದು ಚಿಟಿಕೆ ಅರಳಿಸಿ ಇಳಿಬಿಟ್ಟೆ.

ಶನಿವಾರ ಅವರ ಪಿಕಪ್ ಗಾಡಿ ಯೂಟ್‌ನಲ್ಲಿ ಶೂಟಿಂಗ್ ರೇಂಜಿಗೆ ಹೋದೆವು. ಎದುರುಗಾಳಿ ಬೀಸುತ್ತಿತ್ತು. ಗುಂಡು ಹಾರಿದಾಗ ನಳಿಗೆಯ ತುದಿಯಿಂದ ಹೊಗೆಯ ಜೊತೆ ಅರೆಸುಟ್ಟ ಹತ್ತಿಯೂ ಚದುರಿ ಹಿಂದಕ್ಕೆ ತೇಲಿ ಬಂತು. ಅಂಕಲ್ ರೈಫಲ್ ಕೆಳಗಿಟ್ಟು ತಿರುಗಿದರು. ಕನ್ನಡಕದ ಮೇಲ್ಗಡೆ, ಎಡಹುಬ್ಬಿಗೆ, ಒಂದು ಬಿಳಿ ಎಳೆ ಅಂಟಿಕೊಂಡಿತ್ತು.

“ಏನಮ್ಮ ಹಂಗೆ ನೋಡ್ತಿದ್ದೀಯ?”

ಕೈ ತಾನಾಗಿ ಮೇಲೆದ್ದಿತ್ತು. ಇಳಿಸಿದೆ. ತೆಗೆದುಬಿಟ್ಟರೆ ಮುಗಿದೇ ಹೋಗುತ್ತದಲ್ಲ.

“ಏನಿಲ್ರಿ ಅಂಕಲ್,” ಎಂದೆ. “ಇನ್ನೊಂದು ಹೊಡೀರಿ.”